ಯಜಮಾನರ ಹಳೇ ಕಂಪ್ಯೂಟರ್ ನಿಮಗೆ ಸಾಕಾ?

ಮನೆಯಲ್ಲೇ ಕೂತು ನಾಲ್ಕು ಕಾಸು ಸಂಪಾದಿಸುವ ನಮ್ಮಂಥ ಗೃಹಿಣಿಯರ ಕಂಪ್ಯೂಟರ್ ಎಲ್ಲಿರುತ್ತದೆ ಹೇಳಿ? ಊಟದ ಮೇಜಿನ ಮೂಲೆಯಲ್ಲಿ, ಇಲ್ಲವೇ ಮಕ್ಕಳ ಕೋಣೆಯಲ್ಲಿ. ಅದೂ ಯಜಮಾನರು ಹೊಸದು ತಗೊಂಡಾಗ ನಮ್ಮ ಪಾಲಿಗೆ ಬಂದ ಹಳೆಯದು! ನಾನೂ ಆರು ವರ್ಷ ಅಂಥದ್ದರಲ್ಲೇ ಕೆಲಸ ಮಾಡಿದೆ. ಲೇಖನ ಬರೆಯುವಷ್ಟಕ್ಕೆ ಅದು ಧಾರಾಳವಾಗಿ ಸಾಕಿತ್ತು. ಆಮೇಲೆ ಪುಸ್ತಕಗಳ ಪುಟವಿನ್ಯಾಸ, ಮುಖಪುಟ, ಆಮಂತ್ರಣ ಪತ್ರಿಕೆ, ಸಣ್ಣಪುಟ್ಟ ವಿಡಿಯೋ ಎಡಿಟಿಂಗ್ ಅಂತೆಲ್ಲ ಕೈ ಹಾಕಿದೆ ನೋಡಿ, ಪೇಚಾಟ ಶುರುವಾಯಿತು. ಒಂದು ಚಿತ್ರ ತೆರೆಯಲು ಕೊಟ್ಟು, ಹೋಗಿ ಕುಕ್ಕರ್ ಇಟ್ಟು ಬರುತ್ತಿದ್ದೆ. ಮೂರು ವಿಷಲ್ ಆದರೂ ಚಿತ್ರ ತೆರೆದಿರುತ್ತಿರಲಿಲ್ಲ.

2024ರ ದಸರಾ ಸಮಯ. ಮಕ್ಕಳ ಕಥೆ ಪುಸ್ತಕ, 96 ಪುಟ, ಪುಟಕ್ಕೊಂದು ಬಣ್ಣದ ಚಿತ್ರ. ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ರಾತ್ರಿ ಹನ್ನೊಂದೂವರೆಗೆ ಸೇವ್ ಕೊಟ್ಟೆ, ಯಂತ್ರ ಸ್ತಬ್ಧವಾಯಿತು. ಕಾಯುತ್ತಾ ಕೂತಿದ್ದಾಗಲೇ ಕರೆಂಟು ಹೋಯಿತು. ಆ ಫೈಲು ಮತ್ತೆ ತೆರೆಯಲೇ ಇಲ್ಲ. ಪ್ರಕಾಶಕರು ಬೈಯಲಿಲ್ಲ, 'ಇರ್ಲಿ ಬಿಡಿ ಅಮ್ಮ' ಅಂದರು. ಆದರೆ ಅವರ ಮುಂದಿನ ಪುಸ್ತಕ ನನ್ನ ಕೈಗೆ ಬರಲಿಲ್ಲ.

ಹೊಸದು ಕೊಳ್ಳಬೇಕು ಅಂದಾಗ ಮನೆಯಲ್ಲಿ ಬಂದ ಮೊದಲ ಮಾತು, 'ಮನೇಲಿ ಕೂತು ಮಾಡೋ ಕೆಲಸಕ್ಕೆ ಅಷ್ಟೊಂದು ದುಡ್ಡಾ?' ನಿಮಗೂ ಕೇಳಿ ಗೊತ್ತಿರಬೇಕಲ್ಲ? ಬಟ್ಟೆ ಹೊಲಿದುಕೊಡುವವಳಿಗೆ ಮೆಷಿನ್ ಯಾಕೆ ಅಂತ ಯಾರಾದರೂ ಕೇಳುತ್ತಾರೆಯೇ! ಆದರೂ ಜಗಳ ಆಡಲಿಲ್ಲ. ಒಂದು ವಾರ ಯಂತ್ರಕ್ಕಾಗಿ ಕಾಯ್ದ ನಿಮಿಷಗಳನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ. ಒಟ್ಟು ಏಳು ಗಂಟೆ! ಗಂಟೆಗೆ 150 ರೂಪಾಯಿ ಹಿಡಿದರೂ ತಿಂಗಳಿಗೆ ನಾಲ್ಕು ಸಾವಿರದ ಮೇಲೆ ನಷ್ಟ. ಈ ಲೆಕ್ಕ ತೋರಿಸಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ನೀವೂ ಬರೆದಿಟ್ಟು ನೋಡಿ.

ಹಾಗಂತ ಇವತ್ತೇ ಅಂಗಡಿಗೆ ಓಡಬೇಡಿ. ನಿಮ್ಮ ಯಂತ್ರ ಎಲ್ಲಿ ತಡವರಿಸುತ್ತಿದೆ ಎಂದು ಮೊದಲು ಪತ್ತೆ ಮಾಡಿ. ವಿಂಡೋಸ್ ಇದ್ದರೆ, ಭಾರದ ಕೆಲಸ ನಡೆಯುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ತೆರೆಯುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ಎಂಬ ವಿಭಾಗವಿದೆ. ಅಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕ್, ಗ್ರಾಫಿಕ್ಸ್ ಯಾವುದು ನೂರರ ಹತ್ತಿರ ಏದುಸಿರು ಬಿಡುತ್ತಿದೆ ಎಂದು ಕಾಣುತ್ತದೆ.

ನಮ್ಮ ಭಾಷೆಯಲ್ಲೇ ಹೇಳುವುದಾದರೆ, ಪ್ರೊಸೆಸರ್ ಎಂದರೆ ಅಡುಗೆಯವಳು. ರ‍್ಯಾಮ್ ಎಂದರೆ ಅಡುಗೆ ಕಟ್ಟೆ. ಡಿಸ್ಕ್ ಎಂದರೆ ಸಾಮಾನಿನ ಕೋಣೆ. ಕಟ್ಟೆ ಚಿಕ್ಕದಾದರೆ ಎಂಥ ಕೈಚಳಕದವಳೂ ಪಾತ್ರೆ ಎತ್ತಿ ಇಳಿಸುವುದರಲ್ಲೇ ಸುಸ್ತಾಗುತ್ತಾಳೆ. ಗ್ರಾಫಿಕ್ಸ್ ಕಾರ್ಡ್? ದೋಸೆ ಹುಯ್ಯಲೆಂದೇ ನಿಂತ ಇನ್ನೊಬ್ಬಳು. ನೂರು ಜನರ ಊಟಕ್ಕೆ ಬೇಕು, ನಾಲ್ಕು ಜನರ ಮನೆಗೆ ಯಾಕೆ?

ಡಿಸ್ಕೇ ನೂರು ತೋರಿಸುತ್ತಿದ್ದು, ಒಳಗಿರುವುದು ಹಳೇ ಹಾರ್ಡ್ ಡಿಸ್ಕ್ ಆಗಿದ್ದರೆ ಅದರ ಬದಲು ಎಸ್‌ಎಸ್‌ಡಿ ಹಾಕಿಸಿ. ಮೆಮೊರಿ ತುಂಬಿ ತುಳುಕುತ್ತಿದ್ದರೆ ರ‍್ಯಾಮ್ ಹೆಚ್ಚಿಸಿ. ಎಷ್ಟೋ ಜನರಿಗೆ ಇಷ್ಟೇ ಸಾಕು. ನನ್ನದಕ್ಕೆ ಮಾತ್ರ ಇನ್ನೊಂದು ತೊಡಕಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಪ್ರೊಸೆಸರ್ ಬಹುತೇಕ ಎಂಟನೇ ತಲೆಮಾರಿನದೋ ನಂತರದ್ದೋ ಆಗಿರಬೇಕು. ನನ್ನದು ಆರನೆಯದು! ಅಂಥದ್ದಕ್ಕೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ ಅನ್ನಿಸಿತು.

ಹೊಸದನ್ನು ನಾನು ಕೊಂಡದ್ದು 2025ರ ಜೂನ್‌ನಲ್ಲಿ. ಎರಡು ವರ್ಷ ಕೂಡಿಟ್ಟ ಸಂಭಾವನೆ, ಸ್ವಲ್ಪ ಚೀಟಿ ದುಡ್ಡು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಇಬ್ಬರೂ ಹೋಗಿದ್ದೆವು. ಅಂಗಡಿಯವರು ನನ್ನ ಮುಖವನ್ನೇ ನೋಡದೆ, 'ಮಗನ ಗೇಮ್ಸಿಗಾ ಸಾರ್?' ಅಂತ ಇವರನ್ನು ಕೇಳಿದರು. ಇವರು ನನ್ನ ಕಡೆ ಕೈ ತೋರಿಸಿ, 'ಅವ್ರನ್ನೇ ಕೇಳಿ, ಅವ್ರ ಕೆಲಸಕ್ಕೆ' ಅಂದರು. ಆ ಒಂದು ಮಾತಿಗೆ ಎರಡು ವರ್ಷದ ಮುನಿಸು ಇಳಿದುಹೋಯಿತು ಅಂತಿಟ್ಟುಕೊಳ್ಳಿ!

ಏನು ಬೇಕೆಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಫೋಟೋಶಾಪ್‌ಗೆ 8 ಜಿಬಿ ರ‍್ಯಾಮ್ ಕನಿಷ್ಠ, 16 ಇರಲಿ ಎನ್ನುತ್ತದೆ ಕಂಪನಿಯೇ. ಜೊತೆಗೆ ವಿಡಿಯೋ ಕೆಲಸವೂ ಇರುವುದರಿಂದ ನಾನು 32 ಹಾಕಿಸಿದೆ. (2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಏರಿದ್ದು ನೋಡಿ, ಸದ್ಯ ಬಚಾವಾದೆ ಅಂದುಕೊಂಡೆ.) ಲ್ಯಾಪ್‌ಟಾಪ್ ಕೊಳ್ಳುವವರು 'ಆಮೇಲೆ ರ‍್ಯಾಮ್ ಹೆಚ್ಚಿಸಬಹುದಾ?' ಎಂದು ಮೊದಲೇ ಕೇಳಿ. ಹಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಪಲ್‌ನ ಮ್ಯಾಕ್‌ಬುಕ್‌ಗಳಲ್ಲೂ ಆಮೇಲೆ ಸೇರಿಸಲಾಗದು. ಇನ್ನು ಗ್ರಾಫಿಕ್ಸ್ ಕಾರ್ಡ್. ಬರವಣಿಗೆ, ಪುಟವಿನ್ಯಾಸ, ಆಮಂತ್ರಣ ಪತ್ರಿಕೆ ಇಷ್ಟೇ ನಿಮ್ಮ ಕೆಲಸವಾದರೆ ದುಬಾರಿ ಕಾರ್ಡಿನ ಗೋಜಿಗೇ ಹೋಗಬೇಡಿ, ಅಂಗಡಿಯವರು ಎಷ್ಟೇ ಪುಸಲಾಯಿಸಲಿ! ಆ ದುಡ್ಡನ್ನು ಮಾನಿಟರ್‌ಗೆ ಹಾಕಿ. ಐಪಿಎಸ್ ಪರದೆ, ಎಸ್‌ಆರ್‌ಜಿಬಿ ಬಣ್ಣ ನೂರಕ್ಕೆ ನೂರರ ಹತ್ತಿರ ಇರಲಿ. ಅಗ್ಗದ ಪರದೆಯಲ್ಲಿ ಅರಿಶಿನದಂತೆ ಕಂಡ ಬಣ್ಣ ಪ್ರೆಸ್ಸಿನಿಂದ ಸಾಸಿವೆ ಗೊಜ್ಜಿನಂತೆ ಬಂದು ನಾನು ಪೆಚ್ಚಾದದ್ದುಂಟು.

ಯುಪಿಎಸ್ ಮಾತ್ರ ಬಿಡಬೇಡಿ. ಮನೆಗೆ ಇನ್ವರ್ಟರ್ ಇದೆಯಲ್ಲ ಅಂತೀರಾ? ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲೇ ಕೆಲವು ಕಂಪ್ಯೂಟರ್‌ಗಳು ಆಫ್ ಆಗಿಬಿಡುತ್ತವೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟ್ ಆಸುಪಾಸು ಹೊರುತ್ತದೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದು ಸಾಲದು, 1000 ವಿಎ ಅಥವಾ ಮೇಲಿನದನ್ನು ನೋಡಿ. ಸೇವ್ ಮಾಡಿ ಮುಚ್ಚಲು ಐದು ನಿಮಿಷ ಸಿಕ್ಕರೆ ಸಾಕಲ್ಲ?

ಬಿಲ್ಲು ನಿಮ್ಮ ಹೆಸರಿನಲ್ಲೇ ಇರಲಿ. ವಾರಂಟಿಗಷ್ಟೇ ಅಲ್ಲ, ಸಂಪಾದನೆಗೆ ತೆರಿಗೆ ಲೆಕ್ಕ ಕೊಡುವವರು ಕಂಪ್ಯೂಟರಿನ ಮೇಲೆ ಸವಕಳಿ ಖರ್ಚು ತೋರಿಸಲು ಅವಕಾಶವಿದೆ. ನಿಮ್ಮ ಆಡಿಟರನ್ನು ಒಂದು ಮಾತು ಕೇಳಿ.

ಕನ್ನಡದ ಕೆಲಸ ಮಾಡುವವರಿಗೆ ಇನ್ನೊಂದು ತಲೆನೋವು ಕಾದಿರುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಫೈಲುಗಳು, ಆ ಫಾಂಟುಗಳಿಲ್ಲದ ಹೊಸ ಯಂತ್ರದಲ್ಲಿ ಅರ್ಥವಾಗದ ಚಿಹ್ನೆಗಳ ರಾಶಿಯಾಗಿ ಕಾಣುತ್ತವೆ. ಹಳೆಯದನ್ನು ಎತ್ತಿಡುವ ಮುಂಚೆ ಫಾಂಟುಗಳನ್ನು ನಕಲು ಮಾಡಿಕೊಳ್ಳಿ, ಮುಗಿದ ಕೆಲಸಗಳ ಪಿಡಿಎಫ್ ಮಾಡಿಡಿ. ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ ಬರಹ ತಂತ್ರಾಂಶದಲ್ಲೇ ಇದೆ. ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಚದುರಿ ಹೋದರೆ ಗಾಬರಿ ಬೇಡ, ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಇದು ಗೊತ್ತಾಗುವ ಮೊದಲು ನಾನು ಎರಡು ದಿನ ಫಾಂಟನ್ನೇ ಶಪಿಸಿದ್ದೆ! ತಂತ್ರಾಂಶಕ್ಕೆ ತಿಂಗಳ ಬಾಡಿಗೆ ಕಟ್ಟುವುದು ಕಷ್ಟವೆನಿಸಿದರೆ ಚಿತ್ರಕ್ಕೆ ಕ್ರಿಟಾ, ವಿನ್ಯಾಸಕ್ಕೆ ಇಂಕ್‌ಸ್ಕೇಪ್ ಉಚಿತವಾಗಿ ಸಿಗುತ್ತವೆ. ವಿಡಿಯೋಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಿದೆ, ಆದರೆ ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು.

ಹೊಸ ವರ್ಷಕ್ಕೆ ಆ ಪ್ರಕಾಶಕರಿಗೆ ನಾನಾಗಿಯೇ ಫೋನ್ ಮಾಡಿದೆ. ಹೊಸ ಯಂತ್ರ, ಯುಪಿಎಸ್, ದಿನಾ ಎರಡು ಕಡೆ ನಕಲು, ಎಲ್ಲ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಒಂದು 32 ಪುಟದ್ದಿದೆ, ಮಾಡ್ತೀರಾ?' ಅಂದರು. ಮಾಡಿ ಕೊಟ್ಟೆ. ಹಳೆಯ ಕಂಪ್ಯೂಟರ್ ಇಂಟರ್‌ನೆಟ್ ಇಲ್ಲದೆ ಮಕ್ಕಳ ಟೈಪಿಂಗ್ ಅಭ್ಯಾಸಕ್ಕೆ ಹೋಗಿದೆ. ಹೊಸದಕ್ಕೆ ಪಾಸ್‌ವರ್ಡ್ ಹಾಕಿದ್ದೇನೆ. ಏನದು ಅಂತ ಮನೆಯಲ್ಲಿ ಎಲ್ಲರೂ ಕೇಳಿಯಾಯಿತು. ಇನ್ನೂ ಹೇಳಿಲ್ಲ!