ಬಾಯಿ ಕ್ಯಾನ್ಸರ್: ಅಂಟು ಬಿಟ್ಟ ಜೀವಕೋಶಗಳ ಹಾದಿ

ನಾಲಿಗೆಯ ಅಂಚಿನಲ್ಲಿ ಕಾಣಿಸಿಕೊಂಡ ಚಿಕ್ಕದೊಂದು ಕ್ಯಾನ್ಸರ್ ಹುಣ್ಣು. ಅದರೊಂದಿಗೆ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆಯಬೇಕೆಂದು ವೈದ್ಯರು ಹೇಳಿದಾಗ ಮನೆಯವರು ಗಾಬರಿಯಾಗುವುದು ಸಹಜ. ಕುತ್ತಿಗೆಯಲ್ಲಿ ಗಂಟೇ ಇಲ್ಲದಿರುವಾಗ ಈ ಶಸ್ತ್ರಚಿಕಿತ್ಸೆ ಏಕೆ? ಉತ್ತರವು ಜೀವಕೋಶಗಳನ್ನು ಬೆಸೆಯುವ ಅಂಟು ಅಣುಗಳಲ್ಲಿದೆ.

ಬಾಯಿಯ ಒಳಪದರದ ಕೋಶಗಳು ಗೋಡೆಯ ಇಟ್ಟಿಗೆಗಳಂತೆ ಒತ್ತಾಗಿ ಜೋಡಣೆಗೊಂಡಿವೆ. ಅವುಗಳ ನಡುವಿನ ಮುಖ್ಯ ಗಾರೆ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನು. ಇದು ಜಪಾನಿನ ವಿಜ್ಞಾನಿ ಮಸಾತೋಶಿ ತಾಕೇಯಿಚಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಹೆಸರಿಸಿದ ಕ್ಯಾಡ್‌ಹೆರಿನ್ ಕುಟುಂಬಕ್ಕೆ ಸೇರಿದ್ದು. ಕ್ಯಾಲ್ಸಿಯಂ ನೆರವಿನಿಂದ ಇದರ ಹೊರತುದಿಯು ಪಕ್ಕದ ಕೋಶದ ಅಂಥದ್ದೇ ಅಣುವನ್ನು ಹಿಡಿದುಕೊಳ್ಳುತ್ತದೆ. ಒಳತುದಿಯು ಬೀಟಾ-ಕೆಟೆನಿನ್ ಮೊದಲಾದ ಪ್ರೋಟೀನುಗಳ ಮೂಲಕ ಕೋಶದ ಒಳಹಂದರಕ್ಕೆ ಬಿಗಿದುಕೊಂಡಿರುತ್ತದೆ.

ಹಿಡಿತ ಸಡಿಲಿದಾಗ

ಬಾಯಿ ಕ್ಯಾನ್ಸರಿನ ಗಡ್ಡೆಯು ಕೆಳಗಿನ ಅಂಗಾಂಶಕ್ಕೆ ನುಗ್ಗುವ ಅಂಚಿನಲ್ಲಿ ಇ-ಕ್ಯಾಡ್‌ಹೆರಿನ್ ಕುಗ್ಗಿರುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಅದನ್ನು ತಯಾರಿಸುವ ಜೀನ್ ಸಾಮಾನ್ಯವಾಗಿ ನಾಶವಾಗಿರುವುದಿಲ್ಲ. ಸ್ನೈಲ್, ಟ್ವಿಸ್ಟ್‌ನಂಥ ನಿಯಂತ್ರಕ ಪ್ರೋಟೀನುಗಳು ಅದನ್ನು ಅದುಮಿಟ್ಟಿರುತ್ತವೆ. ನೆರೆಯ ಹಿಡಿತ ತಪ್ಪಿದ ಕೋಶವು ಚಲಿಸತೊಡಗುತ್ತದೆ.

ಇಂಟೆಗ್ರಿನ್‌ಗಳು ಇನ್ನೊಂದು ಬಗೆಯ ಅಂಟು. ಕೋಶವನ್ನು ತಳಪದರಕ್ಕೆ ಕಟ್ಟಿಹಾಕುವುದು ಇವುಗಳ ಕೆಲಸ. ಆರೋಗ್ಯವಂತ ಬಾಯಿಯಲ್ಲಿ ಬಹುತೇಕ ಕಾಣದ ಆಲ್ಫಾವಿ-ಬೀಟಾ6 ಎಂಬ ಇಂಟೆಗ್ರಿನ್ ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚಾಗಿ, ಅಂಗಾಂಶವನ್ನು ಕರಗಿಸಿ ಮುಂದೆ ಸಾಗಲು ನೆರವಾಗುತ್ತದೆ. ಹೀಗೆ ಹೊರಟ ಕೋಶಗಳು ದುಗ್ಧನಾಳಗಳ ಮೂಲಕ ಕುತ್ತಿಗೆಯ ಗ್ರಂಥಿಗಳನ್ನು ಸೇರುತ್ತವೆ. ವಿಚಿತ್ರವೆಂದರೆ, ಅಲ್ಲಿ ನೆಲೆಯೂರುವಾಗ ಕೆಲವು ಕೋಶಗಳು ಕಳೆದುಕೊಂಡ ಅಂಟನ್ನು ಮತ್ತೆ ಪಡೆದುಕೊಳ್ಳುತ್ತವೆ.

ಕಾಯುವುದು ಅಪಾಯ

ಗ್ರಂಥಿಯಲ್ಲಿ ಅಡಗಿದ ಬೆರಳೆಣಿಕೆಯ ಕೋಶಗಳು ಕೈಗಾಗಲಿ ಸ್ಕ್ಯಾನಿಗಾಗಲಿ ಸಿಗದಿರಬಹುದು. ಆರಂಭಿಕ ಹಂತದ ಬಾಯಿ ಕ್ಯಾನ್ಸರ್ ಕುರಿತು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಸೂಚಿಸುತ್ತದೆ. ಗ್ರಂಥಿಗಳನ್ನು ಮೊದಲೇ ತೆಗೆಸಿಕೊಂಡ ರೋಗಿಗಳಲ್ಲಿ ಮೂರು ವರ್ಷಗಳ ನಂತರ ಬದುಕುಳಿದವರ ಪ್ರಮಾಣ ಶೇ 80. ಗಂಟು ಕಾಣಿಸಿಕೊಳ್ಳುವವರೆಗೆ ಕಾದವರಲ್ಲಿ ಅದು ಶೇ 67.5 ಮಾತ್ರ.

ಸಡಿಲಿದ ಅಂಟನ್ನು ಮರಳಿ ಬಿಗಿಯುವ ಔಷಧ ಬಾಯಿ ಕ್ಯಾನ್ಸರಿನ ಚಿಕಿತ್ಸೆಗೆ ಇನ್ನೂ ಬಂದಿಲ್ಲ. ತಂಬಾಕಿನಂತೆ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲೇ ವರ್ಗೀಕರಿಸಿದೆ. ಇವುಗಳನ್ನು ಜಗಿಯುವವರು ಎರಡು-ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ನೋವಿಲ್ಲವೆಂದು ಸುಮ್ಮನಿರದೆ ದಂತವೈದ್ಯರಿಗೆ ತೋರಿಸಬೇಕು. ಕೋಶಗಳು ಹೊರಡುವ ಮುನ್ನವೇ ರೋಗ ಪತ್ತೆಯಾದರೆ ಚಿಕಿತ್ಸೆ ಬಾಯಿಯಲ್ಲೇ ಮುಗಿಯಬಹುದು.