ದಂಡಿಗೆ ಮೊದಲೇ ಹೊರಟ ಹುಡುಗರು

ಅಹಮದಾಬಾದಿನ ನರೋಡಾದಲ್ಲಿ ನೆಂಟರ ಮನೆಗೆ ಹೋದ ಕನ್ನಡಿಗರು ಸಾಬರಮತಿ ಆಶ್ರಮ ನೋಡದೆ ಬರುವುದಿಲ್ಲ. ಜಿಐಡಿಸಿ ಕೈಗಾರಿಕಾ ವಸಾಹತಿನ ಬಣ್ಣ, ರಾಸಾಯನಿಕಗಳ ಕಾರ್ಖಾನೆಗಳನ್ನು ಹಿಂದೆ ಬಿಟ್ಟು, ಊರು ಹಾಯ್ದು, ನದಿ ದಾಟಿದರೆ ಆಶ್ರಮ ರಸ್ತೆ ಸಿಗುತ್ತದೆ. ಅದೇ ರಸ್ತೆಯಲ್ಲಿ, ಇನ್‌ಕಮ್ ಟ್ಯಾಕ್ಸ್ ವೃತ್ತದ ಹತ್ತಿರ ಗುಜರಾತ್ ವಿದ್ಯಾಪೀಠವಿದೆ. ಆಶ್ರಮಕ್ಕೆ ಹೊರಟವರು ಅದನ್ನು ಹಾದುಹೋಗುತ್ತಾರೆ, ಇಳಿಯುವವರು ಕಡಿಮೆ. ಇಳಿದು ಒಳಗೆ ಹೋಗಿ ಬನ್ನಿ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ವಿಶ್ವವಿದ್ಯಾಲಯವೆಂದರೆ ನಮ್ಮ ಕಣ್ಣಿಗೆ ಬರುವ ದೊಡ್ಡ ಕಮಾನು, ನೂರಾರು ಎಕರೆ ಇಲ್ಲಿಲ್ಲ. ಇದು ಚಿಕ್ಕದು. ವಿದ್ಯಾರ್ಥಿಗಳೂ ಅಧ್ಯಾಪಕರೂ ಖಾದಿ ಉಡುತ್ತಾರೆ. ದಿನ ಶುರುವಾಗುವುದು ಎಲ್ಲರೂ ನೆಲದ ಮೇಲೆ ಕೂತು ಮಾಡುವ ಸರ್ವಧರ್ಮ ಪ್ರಾರ್ಥನೆಯಿಂದ. ಜೊತೆಗೆ ನೂಲುವುದಿದೆ. ಪೆಟ್ಟಿಗೆ ಚರಕದ ಮುಚ್ಚಳ ತೆರೆದು, ಎಡಗೈಯಲ್ಲಿ ಹಂಜಿ ಹಿಡಿದು, ಬಲಗೈಯಲ್ಲಿ ಚಕ್ರ ತಿರುಗಿಸಬೇಕು. ಎಳೆ ಹದವಾಗಿ ಬರಬೇಕಾದರೆ ಎರಡೂ ಕೈಗಳ ವೇಗ ಕೂಡಿಬರಬೇಕು, ಇಲ್ಲವಾದರೆ ಕದಿರಿನ ತುದಿಯಲ್ಲೇ ಪಟ್ಟನೆ ಕಡಿಯುತ್ತದೆ. ಕಂಪ್ಯೂಟರ್ ಓದುವ ಹುಡುಗನಿಗೂ ಸಮಾಜಕಾರ್ಯ ಓದುವ ಹುಡುಗಿಗೂ ಇದರಿಂದ ವಿನಾಯಿತಿಯಿಲ್ಲ. ತಾವಿರುವ ಜಾಗವನ್ನು ತಾವೇ ಗುಡಿಸಿ ತೊಳೆಯುವುದೂ ಪಾಠದ ಭಾಗವೇ.

ಆದರೆ ನನ್ನನ್ನು ಈ ವಿದ್ಯಾಪೀಠದ ಕಡೆಗೆ ಎಳೆದದ್ದು ಚರಕವಲ್ಲ, ‘ಅರುಣ್ ಟುಕಡಿ’ ಎಂಬ ಹೆಸರಿನ ವಿದ್ಯಾರ್ಥಿಗಳ ತಂಡ.

1930ರ ಮಾರ್ಚ್ 12ರಂದು ಗಾಂಧೀಜಿ 78 ಮಂದಿಯೊಂದಿಗೆ ದಂಡಿಗೆ ಹೊರಟದ್ದು ಶಾಲೆಯ ಪುಸ್ತಕದಲ್ಲೇ ಇದೆ. ಅಷ್ಟು ಜನ ಪ್ರತಿ ರಾತ್ರಿ ಎಲ್ಲಿ ಮಲಗಿದರು, ಏನು ಉಂಡರು, ಬೆಳಗ್ಗೆ ಬಹಿರ್ದೆಸೆಗೆ ಎಲ್ಲಿಗೆ ಹೋದರು ಎಂಬುದು ಮಾತ್ರ ಪುಸ್ತಕದಲ್ಲಿಲ್ಲ. ಅದನ್ನು ನೋಡಿಕೊಂಡವರು ಅರುಣ್ ಟುಕಡಿಯ ಈ ಹುಡುಗರು. ಯಾತ್ರೆ ಊರು ಮುಟ್ಟುವ ಮೊದಲೇ ಅವರು ಅಲ್ಲಿಗೆ ಹೋಗಿರುತ್ತಿದ್ದರು. ತಂಗುವ ಜಾಗ ಗೊತ್ತುಮಾಡಿ, ಹಸನುಮಾಡಿ, ಪಾಯಿಖಾನೆಗೆ ಗುಂಡಿ ತೋಡಿಸಿ, ಅಡುಗೆ ಸರಳವಾಗಿರಲಿ ಎಂದು ಊರವರಿಗೆ ತಿಳಿಹೇಳುವುದು ಅವರ ಕೆಲಸ. ಯಾತ್ರೆ ಬಂದು ತಲುಪುವ ಹೊತ್ತಿಗೆ ಅವರ ಕಣ್ಣು ಮುಂದಿನ ಊರಿನ ಮೇಲೆ. ಭಾಷಣದ ವೇದಿಕೆಯಲ್ಲಿ ಅವರಿಗೆ ಜಾಗವಿರಲಿಲ್ಲ, ಚಿತ್ರಗಳಲ್ಲೂ ಅವರು ಕಾಣುವುದಿಲ್ಲ.

ಇದರ ಜೊತೆಗೆ ಇನ್ನೊಂದು ಹೊಣೆಯಿತ್ತು. ತಾನು ಕಾಲಿಡುವ ಪ್ರತಿ ಹಳ್ಳಿಯ ವಿವರ ತನಗೆ ಬರಹದಲ್ಲಿ ಬೇಕು ಎಂದು ಗಾಂಧೀಜಿ ಹೊರಡುವ ಮುನ್ನ ‘ನವಜೀವನ’ದಲ್ಲಿ ಬರೆದಿದ್ದರು. ಏನೇನು ಬೇಕು ಎಂಬುದರ ಪಟ್ಟಿಯನ್ನೂ ಕೊಟ್ಟಿದ್ದರು. ಊರಿನ ಜನಸಂಖ್ಯೆ, ಅದರಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು, ಯಾವ ಧರ್ಮದವರು ಎಷ್ಟು. ಅಸ್ಪೃಶ್ಯರೆನಿಸಿಕೊಂಡವರು ಎಷ್ಟು ಮಂದಿ, ಅವರಿಗೆ ಓದಿನ ಮತ್ತು ಇತರ ಅನುಕೂಲಗಳು ಏನಿವೆ. ಶಾಲೆಗೆ ಹೋಗುವ ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು. ಚರಕಗಳೆಷ್ಟು, ತಿಂಗಳಿಗೆ ಮಾರಾಟವಾಗುವ ಖಾದಿ ಎಷ್ಟು. ಒಬ್ಬೊಬ್ಬರಿಗೆ ಬೇಕಾಗುವ ಉಪ್ಪೆಷ್ಟು, ದನಕರುಗಳಿಗೆ ಹಾಕುವುದೆಷ್ಟು. ಹಸುವೆಷ್ಟು, ಎಮ್ಮೆಯೆಷ್ಟು, ಗೋಮಾಳ ಎಷ್ಟು. ಕಂದಾಯ ಎಷ್ಟು. ಜನ ಕುಡಿಯುತ್ತಾರೆಯೇ, ಹೆಂಡದಂಗಡಿ ಎಷ್ಟು ದೂರ.

ಒಂದು ಸಾಮ್ರಾಜ್ಯವನ್ನು ಎದುರಿಸಲು ಹೊರಟವರು ಎಮ್ಮೆ ಎಣಿಸುವುದರಲ್ಲಿ ಅರ್ಥವಿತ್ತು. ಉಪ್ಪಿನ ತೆರಿಗೆ ಬಡವನಿಗೆ ಎಷ್ಟು ಭಾರ ಎಂದು ಆ ಊರಿನ ಅಂಕಿಯನ್ನೇ ಹಿಡಿದು ಆ ಊರಿನಲ್ಲಿ ಮಾತಾಡಿದರೆ ಮಾತಿಗೆ ತೂಕ ಬರುತ್ತದೆ. ಅಲ್ಲದೆ ಎಣಿಸಲು ಹೋದ ಹುಡುಗ ಊರಿನ ಕೇರಿಕೇರಿಗೂ ಹೋಗಲೇಬೇಕು, ಮೇಲ್ಜಾತಿಯ ಹುಡುಗನಾದರೆ ತನ್ನ ಹಿರಿಯರು ಕಾಲಿಡದ ಕೇರಿಗೂ ಹೋಗಬೇಕು. ಯಾವ ಪದವಿ ಪರೀಕ್ಷೆಯೂ ಕಲಿಸಲಾರದ್ದನ್ನು ಆ ಪಟ್ಟಿ ಕಲಿಸಿರಬೇಕು ಎಂದು ನನ್ನ ನಂಬಿಕೆ.

ಎಡವಟ್ಟುಗಳೂ ಆದವು. ಯಾತ್ರಿಕರಿಗೆಂದು ಸೂರತ್ತಿನಿಂದ ಲಾರಿಯಲ್ಲಿ ಹಾಲು ತರಿಸಿದ್ದು, ರಾತ್ರಿ ನಡೆಯುವಾಗ ಕಿಟ್ಸನ್ ಎಂಬ ಭಾರದ ದೀಪವನ್ನು ಕೂಲಿಯವನ ತಲೆಯ ಮೇಲೆ ಹೊರಿಸಿದ್ದು ಗಾಂಧೀಜಿಗೆ ತಿಳಿಯಿತು. ಮಾರ್ಚ್ 29ರಂದು ಸೂರತ್ ಜಿಲ್ಲೆಯ ಭಟಗಾಮ್‌ನಲ್ಲಿ ಅವರು ಸ್ವಯಂಸೇವಕರನ್ನೂ ತಮ್ಮನ್ನೂ ಸಭೆಯಲ್ಲೇ ಕಟುವಾಗಿ ಟೀಕಿಸಿದರು. ಬಡವರ ಪರವಾಗಿ ಹೊರಟ ಯಾತ್ರೆ ಬಡವರ ಖರ್ಚಿನಲ್ಲಿ ಸುಖಪಡಬಾರದು ಎಂಬುದು ಅವರ ನೋವು.

ಆ 78 ಮಂದಿಯಲ್ಲಿ ಕರ್ನಾಟಕದಿಂದ ಹೋದವರು ಒಬ್ಬರೇ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಆಗ ಅವರಿಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಎದೆಯೊಡ್ಡಿದ ಅವರನ್ನು ಹಾವೇರಿಯ ಕಡೆ ಇಂದಿಗೂ ನೆನೆಯುತ್ತಾರೆ. ದಣಿದು ಬಂದ ಆ ತರುಣ ಮೈಚಾಚಿದ ಜಾಗಗಳನ್ನು ಅವರದೇ ವಯಸ್ಸಿನ ಗುಜರಾತಿ ಹುಡುಗರು ಅಣಿಮಾಡಿಟ್ಟಿದ್ದರು ಎಂದು ತಿಳಿದಾಗ, ಆ ಹೆಸರಿಲ್ಲದ ಹುಡುಗರೂ ನಮ್ಮವರೇ ಎನ್ನಿಸಿತು.

ವಿದ್ಯಾಪೀಠ ಹುಟ್ಟಿದ್ದು 1920ರ ಅಕ್ಟೋಬರ್ 18ರಂದು. ಅಸಹಕಾರ ಚಳವಳಿಯಲ್ಲಿ ಸರ್ಕಾರಿ ಕಾಲೇಜು ಬಿಟ್ಟುಬನ್ನಿ ಎಂದು ಗಾಂಧೀಜಿ ಕರೆ ಕೊಟ್ಟ ಮೇಲೆ ಬಂದವರಿಗೆ ಓದಲು ಒಂದು ಜಾಗ ಬೇಕಲ್ಲ. ದೆಹಲಿಯ ಜಾಮಿಯಾ, ಕಾಶಿ ವಿದ್ಯಾಪೀಠ ಇದೇ ಗಾಳಿಯಲ್ಲಿ ಎದ್ದವು. ಗಾಂಧೀಜಿ ಕೊನೆಯವರೆಗೂ ಇದರ ಕುಲಾಧಿಪತಿ. ಅವರ ಬಳಿಕ ಸರ್ದಾರ್ ಪಟೇಲ್, ರಾಜೇಂದ್ರ ಪ್ರಸಾದ್, ಮೊರಾರ್ಜಿ ದೇಸಾಯಿ ಆ ಸ್ಥಾನದಲ್ಲಿದ್ದರು. ಆಚಾರ್ಯ ಕೃಪಲಾನಿ ಇಲ್ಲಿ ಪ್ರಾಂಶುಪಾಲರಾಗಿದ್ದರು, ಗೋವೆಯ ಬೌದ್ಧ ವಿದ್ವಾಂಸ ಧರ್ಮಾನಂದ ಕೋಸಂಬಿ ಪಾಠ ಹೇಳಿದರು. 1963ರಲ್ಲಿ ವಿಶ್ವವಿದ್ಯಾಲಯಕ್ಕೆ ಸಮಾನವೆಂಬ ಮಾನ್ಯತೆ ದೊರೆಯಿತು.

ನಮಗೆ ಹೆಚ್ಚು ಹತ್ತಿರದವರು ಕಾಕಾ ಕಾಲೇಲ್ಕರ್. ತಂದೆಯ ನೌಕರಿ ವರ್ಗವಾದಂತೆಲ್ಲ ಅವರ ಬಾಲ್ಯ ಕಾರವಾರ, ಬೆಳಗಾವಿ, ಧಾರವಾಡಗಳಲ್ಲಿ ಕಳೆಯಿತು. ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿ ಮುಖ್ಯೋಪಾಧ್ಯಾಯರಾಗಿದ್ದು, ವಡೋದರಾದ ಗಂಗನಾಥ ವಿದ್ಯಾಲಯಕ್ಕೆ ಹೋಗಿ, ಅದು ಮುಚ್ಚಿದ ಮೇಲೆ ಅಲೆದಾಡಿ ಕೊನೆಗೆ ಗಾಂಧೀಜಿಯ ಆಶ್ರಮ ಸೇರಿದರು. ಮರಾಠಿ ಮನೆಮಾತಿನ ಈ ಮನುಷ್ಯ ಗುಜರಾತಿಯ ಶ್ರೇಷ್ಠ ಗದ್ಯಕಾರರಲ್ಲೊಬ್ಬರಾಗಿ ಬೆಳೆದರು. ಗುಜರಾತಿ ಕಾಗುಣಿತಕ್ಕೆ ಒಂದು ಕಟ್ಟು ತಂದ ‘ಜೋಡಣಿಕೋಶ’ 1929ರಲ್ಲಿ ಹೊರಬಂದದ್ದು ಅವರು ವಿದ್ಯಾಪೀಠದ ಕುಲಪತಿಯಾಗಿದ್ದಾಗಲೇ. ಅಸಹಕಾರದ ಬಿಸಿ ಆರಿ ವಿದ್ಯಾರ್ಥಿಗಳು ಕರಗಿದ್ದ ಹೊತ್ತಿನಲ್ಲಿ ಚುಕ್ಕಾಣಿ ಹಿಡಿದ ಅವರು ಸಂಸ್ಥೆಯ ಮುಖವನ್ನು ಹಳ್ಳಿಯ ಕಡೆಗೆ ತಿರುಗಿಸಿದರು. 1930ರಲ್ಲಿ ತರಗತಿ ನಿಲ್ಲಿಸಿ ಹುಡುಗರನ್ನು ಸತ್ಯಾಗ್ರಹಕ್ಕೆ ಬಿಟ್ಟುಕೊಟ್ಟದ್ದೂ ಅವರ ಅವಧಿಯಲ್ಲೇ. ಕಾರವಾರದ ಕಡಲು ನೋಡಿ ಬೆಳೆದವರ ಈ ಕೆಲಸ ನಮ್ಮಲ್ಲಿ ಇನ್ನಷ್ಟು ಜನಕ್ಕೆ ಗೊತ್ತಿರಬೇಕಿತ್ತು.

ಹಳ್ಳಿಗೆ ಹೋಗುವ ರೂಢಿ ಇನ್ನೂ ಇದೆ. ಈಗ ಅದರ ಹೆಸರು ಗ್ರಾಮಜೀವನ ಪದಯಾತ್ರೆ. ವಿದ್ಯಾರ್ಥಿಗಳೂ ಅಧ್ಯಾಪಕರೂ ಸಣ್ಣ ಸಣ್ಣ ತಂಡಗಳಾಗಿ ಗುಜರಾತಿನ ಬೇರೆ ಬೇರೆ ತಾಲ್ಲೂಕುಗಳಲ್ಲಿ ಊರಿಂದೂರಿಗೆ ನಡೆಯುತ್ತಾರೆ. ಹಗಲು ಶಾಲೆಯ ಮಕ್ಕಳ ಜೊತೆ, ರಾತ್ರಿ ಊರವರ ಜೊತೆ ಸಭೆ. ನೈರ್ಮಲ್ಯ, ವ್ಯಸನ, ಹೊಲದ ಕಷ್ಟ ಎಲ್ಲವೂ ಮಾತಿಗೆ ಬರುತ್ತವೆ. ಹಳ್ಳಿಯಿಂದಲೇ ಬಂದ ಹುಡುಗಿಗೂ ಪರರ ಊರಿನ ಜಗಲಿಯಲ್ಲಿ ಕೂತು ಪರರ ಕಷ್ಟ ಕೇಳುವುದು ಬೇರೆಯದೇ ಅನುಭವ. ಇದಲ್ಲದೆ ಗಾಂಧಿನಗರ ಜಿಲ್ಲೆಯ ರಾಂಧೇಜಾ, ಸಾದ್ರಾಗಳಲ್ಲಿ ವಿದ್ಯಾಪೀಠದ ಗ್ರಾಮೀಣ ಕೇಂದ್ರಗಳಿವೆ.

ಸಂಕಟಗಳೂ ಇವೆ. ನೂಲುವುದಕ್ಕೆ ಕೊಟ್ಟ ಹೊತ್ತು ನೌಕರಿಯ ಸಂದರ್ಶನದಲ್ಲಿ ಯಾವ ಲೆಕ್ಕಕ್ಕೆ ಎಂದು ಕೇಳುವ ತಂದೆತಾಯಿಗೆ ಉತ್ತರ ಸುಲಭವಲ್ಲ. ‘ಸೇವಾ’ ಸಂಸ್ಥೆ ಕಟ್ಟಿದ ಇಳಾ ಭಟ್ 2022ರಲ್ಲಿ ಕುಲಾಧಿಪತಿ ಸ್ಥಾನದಿಂದ ಇಳಿದರು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಸ್ಥಾನಕ್ಕೆ ರಾಜ್ಯಪಾಲ ಆಚಾರ್ಯ ದೇವವ್ರತ್ ಬಂದಾಗ ಹಲವು ಟ್ರಸ್ಟಿಗಳು ಒಪ್ಪದೆ ರಾಜೀನಾಮೆ ಕೊಟ್ಟರು. ಸರ್ಕಾರದ ಹಂಗು ಬೇಡವೆಂದು ಹುಟ್ಟಿದ ಸಂಸ್ಥೆ ಆ ಹಂಗಿಗೆ ಹತ್ತಿರವಾಗುತ್ತಿರುವುದು ನನಗೆ ಕಳವಳದ ವಿಷಯ. ನಡೆಯುವ ವಿದ್ಯಾರ್ಥಿಗಳು ಮಾತ್ರ ಹಾಗೆಯೇ ಇರಲಿ.

ಗದಗದ ಹತ್ತಿರ ನಾಗಾವಿಯಲ್ಲಿ ನಮ್ಮದೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ, ಅದರ ಅಂಗಳದಲ್ಲಿ ಸಾಬರಮತಿ ಆಶ್ರಮದ ಪ್ರತಿರೂಪವೂ ಇದೆ. ಅಲ್ಲಿಂದ ಲಕ್ಷ್ಮೇಶ್ವರ, ಹೊಸರಿತ್ತಿ ಹಾಯ್ದು ಮೋಟೆಬೆನ್ನೂರಿಗೆ ಕಾಲ್ನಡಿಗೆಯಲ್ಲಿ ಹೋದರೆ ಕೆಲವೇ ದಿನಗಳ ದಾರಿ. ನಡುವೆ ಊರುಗಳಿವೆ, ಶಾಲೆಗಳಿವೆ, ರಾತ್ರಿ ಉಳಿಯಲು ಗುಡಿಗಳಿವೆ. ಯಾವುದಾದರೂ ವರ್ಷ ಅಲ್ಲಿನ ವಿದ್ಯಾರ್ಥಿಗಳು ಹೆಗಲಿಗೆ ಚೀಲ ಹಾಕಿಕೊಂಡು ಆ ದಾರಿ ಹಿಡಿದರೆ, ಒಂದು ದಿನವಾದರೂ ಅವರ ಜೊತೆ ನಡೆಯುವ ಆಸೆ ನನಗಿದೆ.