ವಿಹಾರಧಾಮದ ಪರಿಸರ ಲೆಕ್ಕ: ಡಿಸ್ನಿ ವರ್ಲ್ಡ್‌ನ ನಿದರ್ಶನ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಊರಿನಿಂದ ತಂದೆತಾಯಿಯರು ಬಂದರೆ, ಅವರಿಗೆ ತೋರಿಸಬೇಕಾದ ಸ್ಥಳಗಳಲ್ಲಿ ನಯಾಗರದ ಜೊತೆಗೆ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಕೂಡ ಸೇರಿರುತ್ತದೆ. ನಾನೂ ನನ್ನ ತಂದೆತಾಯಿಯರನ್ನು ಅಲ್ಲಿಗೆ ಕರೆದೊಯ್ದವನೇ. ಇಂತಹ ವಿಹಾರಧಾಮವು ಪರಿಸರದ ಮೇಲೆ ಹೊರಿಸುವ ಭಾರವೆಷ್ಟು, ಅದನ್ನು ಅಳೆಯುವ ಮತ್ತು ಇಳಿಸುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ವೈದ್ಯನಾದ ನನಗೆ ಅಳತೆಯ ಪ್ರಶ್ನೆಯೇ ಮೊದಲನೆಯದು. ರಕ್ತದೊತ್ತಡ ಅಳೆಯದೆ ಔಷಧ ಬರೆಯುವಂತಿಲ್ಲ; ಒಮ್ಮೆ ಅಳೆದು ರೋಗಿ ಗುಣವಾದನೆನ್ನುವಂತೆಯೂ ಇಲ್ಲ.

1971ರ ಅಕ್ಟೋಬರ್ 1ರಂದು ತೆರೆದ ಈ ವಿಹಾರಧಾಮದ ವಿಸ್ತೀರ್ಣ ಸುಮಾರು 25,000 ಎಕರೆ. ಅದರೊಳಗಿನ ಮ್ಯಾಜಿಕ್ ಕಿಂಗ್‌ಡಮ್ ಒಂದಕ್ಕೇ 2023ರಲ್ಲಿ 1.7 ಕೋಟಿಗೂ ಹೆಚ್ಚು ಭೇಟಿಗಳಾದವೆಂದು ಅಂದಾಜಿದೆ. ಹೋಟೆಲು, ಅಡುಗೆಮನೆ, ಬಟ್ಟೆ ಒಗೆಯುವ ಘಟಕ, ಬಸ್ಸುಗಳು ಎಲ್ಲವೂ ಸೇರಿದ ಇದನ್ನು ಒಂದು ನಗರವೆಂದೇ ತಿಳಿದು ಅಳೆಯಬೇಕು.

ಹಸಿರುಮನೆ ಅನಿಲಗಳ ಲೆಕ್ಕಕ್ಕೆ 2001ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡವೊಂದು ಬಳಕೆಯಲ್ಲಿದೆ. ಅದು ಹೊರಸೂಸುವಿಕೆಯನ್ನು ಮೂರು ವ್ಯಾಪ್ತಿಗಳಾಗಿ ವಿಂಗಡಿಸುತ್ತದೆ. ಆವರಣದಲ್ಲೇ ಉರಿಯುವ ಅನಿಲ, ಡೀಸೆಲ್ ಮತ್ತು ಶೀತಕ ಯಂತ್ರಗಳಿಂದ ಸೋರುವ ರಾಸಾಯನಿಕಗಳು ಮೊದಲನೆಯದು. ಈ ಸೋರಿಕೆ ಅಲ್ಪವೆಂದು ಉಪೇಕ್ಷಿಸುವಂತಿಲ್ಲ. ಕೆಲವು ಶೀತಕಗಳು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಬಿಸಿಮಾಡುತ್ತವೆ. ಕೊಂಡು ತಂದ ವಿದ್ಯುತ್ತು ಎರಡನೆಯದು. ಖರೀದಿಸಿದ ಆಹಾರ ಮತ್ತು ಸರಕು, ಕಸದ ವಿಲೇವಾರಿ, ನೌಕರರ ಓಡಾಟ ಮೊದಲಾದವು ಮೂರನೆಯದು.

ಫ್ಲಾರಿಡಾದ ಸೆಕೆಯಲ್ಲಿ ಹವಾನಿಯಂತ್ರಣವೇ ವಿದ್ಯುತ್ತಿನ ದೊಡ್ಡ ಗಿರಾಕಿ. 2016ರಲ್ಲಿ ಎಪ್‌ಕಾಟ್ ಬಳಿ ಮಿಕ್ಕಿಯ ತಲೆಯಾಕಾರದ, 5 ಮೆಗಾವಾಟ್ ಸಾಮರ್ಥ್ಯದ ಸೌರ ಕ್ಷೇತ್ರ ನಿರ್ಮಾಣವಾಯಿತು. ಅನಂತರ 270 ಎಕರೆಗಳಲ್ಲಿ 50 ಮೆಗಾವಾಟಿನ ಮತ್ತೊಂದು ಬಂದಿತು. ಮೊದಲನೆಯದು ಕಣ್ಣಿಗೆ ಹಬ್ಬ. ಲೆಕ್ಕದಲ್ಲಿ ತೂಕವಿರುವುದು ಎರಡನೆಯದಕ್ಕೆ. ಆದರೆ ಬೇಸಗೆಯ ಸಂಜೆ ಸೂರ್ಯ ಮುಳುಗಿದ ಮೇಲೂ ಯಂತ್ರಗಳು ತಿರುಗುತ್ತಲೇ ಇರುತ್ತವೆ. ಆದ್ದರಿಂದ ವಾರ್ಷಿಕ ಮೊತ್ತ ನೋಡಿದರೆ ಸಾಲದು, ಯಾವ ವೇಳೆಯ ವಿದ್ಯುತ್ತು ಎಲ್ಲಿಂದ ಬಂದಿತು ಎಂಬುದನ್ನೂ ಕೇಳಬೇಕು.

ಕಸದ ವಿಷಯದಲ್ಲಿ ಮ್ಯಾಜಿಕ್ ಕಿಂಗ್‌ಡಮ್ ಆರಂಭದಿಂದಲೂ ವಿಶಿಷ್ಟವಾದುದು. ಗಾಳಿಯ ಸೆಳೆತದಿಂದ ಕಸವು ಮರೆಯಲ್ಲಿರುವ ಕೊಳವೆಗಳ ಮೂಲಕ ದೂರ ಸಾಗುತ್ತದೆ. ಇದು ಅಚ್ಚುಕಟ್ಟಾದ ಏರ್ಪಾಡು. ಆದರೆ ಕಣ್ಮರೆಯಾದ ಕಸ ಇಲ್ಲವಾದ ಕಸವಲ್ಲ. ಭೂಭರ್ತಿಗೆ ಸೇರಿದ ಎಂಜಲು ಕೊಳೆತು ಮೀಥೇನ್ ಬಿಡುತ್ತದೆ. ಆದ್ದರಿಂದ ತೂಗಬೇಕಾದದ್ದು ಕಸದ ಒಟ್ಟು ತೂಕದ ಜೊತೆಗೆ ಅದರಲ್ಲಿರುವ ಆಹಾರದ ಪಾಲನ್ನು. ಮದ್ದು ಅಡುಗೆಮನೆಯಲ್ಲಿ ಅಳತೆಯರಿತು ಬೇಯಿಸುವುದರಿಂದ ಆರಂಭವಾಗುತ್ತದೆ.

ಬಾಣಬಿರುಸಿನ ಹೊಗೆಯೂ ಲೆಕ್ಕಕ್ಕೆ ಬರಬೇಕು. 2004ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಮದ್ದುಗುಂಡಿನ ಬದಲು ಒತ್ತಿದ ಗಾಳಿಯಿಂದ ಬಾಣಗಳನ್ನು ಹಾರಿಸುವ ತಂತ್ರ ಜಾರಿಗೆ ಬಂದಿತು. ನೆಲಮಟ್ಟದ ಹೊಗೆ ಇದರಿಂದ ತಗ್ಗಿತು. ಬಣ್ಣ ಕೊಡುವ ಲೋಹಲವಣಗಳು ಆಕಾಶದಲ್ಲಿ ಉರಿಯುವುದು ಮಾತ್ರ ತಪ್ಪಿಲ್ಲ. ಶ್ವಾಸಕೋಶದ ರೋಗಿಗಳನ್ನು ನೋಡುವ ನನ್ನಂಥವರು ಇದನ್ನು ಅರ್ಧ ಚಿಕಿತ್ಸೆಯೆನ್ನುತ್ತೇವೆ, ಅರ್ಧವಾದರೂ ಚಿಕಿತ್ಸೆಯೇ.

ನೆಲ ಮತ್ತು ನೀರಿನ ಲೆಕ್ಕ ಇನ್ನೂ ಸೂಕ್ಷ್ಮ. ಈ ಪ್ರದೇಶದ ಬಹುಭಾಗ ಜೌಗುನೆಲ. ಇಲ್ಲಿನ ನೀರು ದಕ್ಷಿಣಕ್ಕೆ ಹರಿದು ಕೊನೆಗೆ ಎವರ್‌ಗ್ಲೇಡ್ಸ್ ಜಲಾನಯನವನ್ನು ಸೇರುತ್ತದೆ. ಸಂಸ್ಕರಿಸಿದ ಕೊಳಚೆನೀರನ್ನು ಹುಲ್ಲುಹಾಸು, ಗಿಡಗಳಿಗೆ ಬಳಸುವುದರಿಂದ ಅಂತರ್ಜಲಕ್ಕೆ ಬಿಡುವು ಸಿಗುತ್ತದೆ. ಕಟ್ಟಡಗಳಿಗಾಗಿ ನಾಶವಾದ ಜೌಗುನೆಲಕ್ಕೆ ಪರಿಹಾರವಾಗಿ 1990ರ ದಶಕದಲ್ಲಿ ದಕ್ಷಿಣದಲ್ಲಿದ್ದ ವಿಶಾಲ ದನಗಾವಲನ್ನು ಕೊಂಡು, ನೇಚರ್ ಕನ್ಸರ್ವೆನ್ಸಿ ಸಂಸ್ಥೆಯ ಮೂಲಕ ಪುನಶ್ಚೇತನಗೊಳಿಸಲಾಯಿತು. ಮುಂದೆ ಬೆಳೆದು ಸುಮಾರು 11,500 ಎಕರೆಗಳಾದ ಈ ಅಭಯಾರಣ್ಯವು ಚದುರಿದ ಸಣ್ಣ ತುಣುಕುಗಳಿಗಿಂತ ವನ್ಯಜೀವಿಗಳಿಗೆ ಹೆಚ್ಚು ಉಪಯುಕ್ತ. ಆದರೂ ಪರಿಹಾರವೇ ಬೇರೆ, ಹಾನಿಯಾಗದಿರುವುದೇ ಬೇರೆ.

ಲೆಕ್ಕದಲ್ಲಿ ಎಚ್ಚರ ಬೇಕಾದ ಎರಡು ಕಡೆಗಳಿವೆ. ಮೊದಲನೆಯದು ತಲಾ ಲೆಕ್ಕ. ಪ್ರತಿ ಅತಿಥಿಯ ಪಾಲಿನ ನೀರು ಶೇ 10ರಷ್ಟು ಇಳಿದು, ಅತಿಥಿಗಳು ಶೇ 20ರಷ್ಟು ಹೆಚ್ಚಿದರೆ ಒಟ್ಟು ಬಳಕೆ ಶೇ 8ರಷ್ಟು ಏರುತ್ತದೆ. ಕೆರೆಗೆ ತಿಳಿಯುವುದು ಒಟ್ಟು ಮೊತ್ತ ಮಾತ್ರ.

ಎರಡನೆಯದು ಗಡಿ. ಡಿಸ್ನಿ ಸಂಸ್ಥೆ 2020ರಲ್ಲಿ ಪ್ರಕಟಿಸಿದ, 2030ರ ವೇಳೆಗೆ ನಿವ್ವಳ ಶೂನ್ಯ ತಲುಪುವ ಗುರಿ ನೇರ ಕಾರ್ಯಾಚರಣೆಗೆ ಸಂಬಂಧಿಸಿದ್ದು. ಅತಿಥಿಗಳ ವಿಮಾನಯಾನ ಅದರ ಹೊರಗಿದೆ. ಬೆಂಗಳೂರಿನಿಂದ ಆರ್ಲ್ಯಾಂಡೊಗೆ ಹೋಗಿಬರುವ ದಾರಿ ಸುಮಾರು 30,000 ಕಿಲೋಮೀಟರ್. ಕಿಲೋಮೀಟರಿಗೆ 80ರಿಂದ 100 ಗ್ರಾಂನಂತೆ ಎಣಿಸಿದರೂ ಒಬ್ಬರ ಪಾಲಿಗೆ 2.4ರಿಂದ 3 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಭಾರತದಲ್ಲಿ ತಲಾ ವಾರ್ಷಿಕ ಸರಾಸರಿ ಸುಮಾರು 2 ಟನ್ ಮಾತ್ರ.

ನನ್ನ ತಾಯಿ ಅಷ್ಟು ದೂರ ಬಂದದ್ದು ಮಿಕ್ಕಿಯನ್ನು ನೋಡಲೆಂದಲ್ಲ, ಮೊಮ್ಮಕ್ಕಳನ್ನು ನೋಡಲೆಂದು. ಆ ಟನ್ನುಗಳನ್ನು ವಿಹಾರಧಾಮದ ಖಾತೆಗೆ ಬರೆಯುವುದು ನ್ಯಾಯವಲ್ಲ. ನನ್ನ ಖಾತೆಗೇ ಬರೆದುಕೊಳ್ಳಬೇಕು. ಬರೆದುಕೊಂಡ ಮೇಲೆ ಮಾಡಬಹುದಾದದ್ದೂ ಇದೆ: ಎರಡು ಸಲದ ಅಲ್ಪಾವಧಿಯ ಭೇಟಿಗಿಂತ ಒಮ್ಮೆ ಬಂದು ಹೆಚ್ಚು ತಿಂಗಳು ಇರುವಂತೆ ಹಿರಿಯರನ್ನು ಒಪ್ಪಿಸುವುದು. ಅದು ಅವರ ಮೊಣಕಾಲಿಗೂ ಹಿತ.